ಧೂಳಿನ ಸಾಲಿಗೆ ಸ್ನಾನ ಮಾಡಿಸಿದವರು ಯಾರು?

"ದೀಪಣ್ಣಾ, ಲಗೂ ಬರ್ರಿ! ಮ್ಯಾಲಿನ ಧೂಳ ಹೋಗ್ಯಾದ್ರಿ!"

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಮಹಾದೇವಿ ಫೋನಿನಲ್ಲಿ ಹೀಗೆ ಕೂಗಿದಾಗ ನನಗೆ ನಗು ಬಂತು. ಬೆಂಗಳೂರಂಚಿನ ಕಾಡುಗೋಡಿಯಲ್ಲಿ ಚಪ್ಪಲಿ ಕಳುವಾಗುತ್ತದೆ, ಹೆಲ್ಮೆಟ್ ಕಳುವಾಗುತ್ತದೆ. ಧೂಳು ಕಳುವಾಯಿತೆಂದು ದೂರು ಕೊಟ್ಟವರುಂಟೇ?

"ಬೇಕಾದ್ರೆ ನಮ್ಮ ರೂಮಿಂದ ಒಂದು ಮೂಟೆ ಕಳಿಸ್ಲಾ?" ಎಂದೆ.

ಆ ಕಡೆಯಿಂದ ಅಳು ಕೇಳಿಸಿತು. ನನ್ನ ನಗು ಅಲ್ಲಿಗೇ ನಿಂತಿತು.

ಬೈಕು ನಿಲ್ಲಿಸಿ, ವೆಂಕಟೇಶಪ್ಪನವರ ಕಟ್ಟಡದ ಮೂರು ಮಹಡಿ ಹತ್ತಿ, ತಾರಸಿಯ ಬಾಗಿಲು ತಳ್ಳಿದೆ. ಹತ್ತು ಸೌರಫಲಕಗಳು ಕನ್ನಡಿಯ ಹಾಗೆ ಫಳಫಳ ಹೊಳೆಯುತ್ತಿದ್ದವು. ಸೌರವಿದ್ಯುತ್ತಿನ ಕೆಲಸ ಮಾಡುವವನಿಗೆ ಹೊಳೆಯುವ ಫಲಕ ಕಂಡು ಎದೆ ಧಸಕ್ಕೆನ್ನುವುದುಂಟೇ?

ಉಂಟು. ಅದು ಧೂಳಿನ ಸಾಲಾಗಿದ್ದರೆ.

ಕಾಡುಗೋಡಿಯ ನಮ್ಮ ಎಂಜಿನಿಯರಿಂಗ್ ಕಾಲೇಜೂ ಡೆನ್ಮಾರ್ಕಿನ ಒಂದು ವಿಶ್ವವಿದ್ಯಾಲಯವೂ ಸೇರಿ ನಡೆಸುತ್ತಿದ್ದ ಸಂಶೋಧನೆ ಅದು. ನೀರು ಬಳಸದೆ ಸೌರಫಲಕವನ್ನು ಶುಭ್ರವಾಗಿಡಬಹುದೇ? ಟ್ಯಾಂಕರಿನ ಹಾರ್ನಿಗೆ ಎದ್ದು ಕೂರುವ ನಮ್ಮ ಕಡೆಯವರಿಗೆ ಇದು ಬದುಕಿನ ಪ್ರಶ್ನೆ. ತಾರಸಿಯ ಮೇಲೆ ಹತ್ತು ಹತ್ತು ಫಲಕಗಳ ಎರಡು ಸಾಲು. ಒಂದಕ್ಕೆ ಧೂಳು ಅಂಟದಂತೆ ಕಣ್ಣಿಗೆ ಕಾಣದ ಲೇಪ ಬಳಿದಿದ್ದೆವು. ಅದು ಲೇಪದ ಸಾಲು. ಇನ್ನೊಂದಕ್ಕೆ ಏನೂ ಇಲ್ಲ, ಅದು ಧೂಳಿನ ಸಾಲು. ಎರಡನ್ನೂ ಯಾರೂ ತೊಳೆಯುವಂತಿಲ್ಲ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಯಾವ ಸಾಲು ಎಷ್ಟು ವಿದ್ಯುತ್ ಕೊಡುತ್ತಿದೆಯೆಂದು ಬರೆದಿಡಬೇಕು. ನವೆಂಬರಿನಿಂದ ನೂರ ನಲವತ್ತೆರಡು ದಿನ ಧೂಳು ಕೂತಿತ್ತು. ಈ ವರ್ಷ ಮಾವಿನ ಮಳೆಯೂ ಕೈಕೊಟ್ಟಿದ್ದರಿಂದ ಧೂಳು ಚಪಾತಿ ಹಿಟ್ಟಿನಷ್ಟು ದಪ್ಪವಾಗಿತ್ತು. ಆ ಧೂಳೇ ನಮ್ಮ ಸಂಶೋಧನೆ.

ಈಗ ಅದು ಇಲ್ಲ. ನಾಳೆ ಗುರುವಾರ ಡೆನ್ಮಾರ್ಕಿನಿಂದ ಪರಿಶೀಲನಾ ತಂಡ ಬರುತ್ತಿದೆ.

ಮಹಾದೇವಿ ಬಾಗಿಲ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಯಾದಗಿರಿ ಕಡೆಯ ಹುಡುಗಿ. ಆರು ವರ್ಷದ ಹಿಂದೆ ಇದೇ ಕಟ್ಟಡ ಏಳುವಾಗ ಅವ್ವನ ಜೊತೆ ಇಟ್ಟಿಗೆ ಹೊತ್ತವಳು. ಹೊತ್ತುಕೊಂಡೇ ಪಿಯುಸಿ ಮುಗಿಸಿದಳು. ಈಗ ಇದೇ ಕಟ್ಟಡದ ನೆಲಮಹಡಿಯ ಬಾಡಿಗೆ ಕೋಣೆಯಲ್ಲಿದ್ದಾಳೆ. ಎರಡೂ ವಿಶ್ವವಿದ್ಯಾಲಯಗಳು ಸೇರಿ ಶುರುಮಾಡಿದ ಸೌರ ತಂತ್ರಜ್ಞರ ತರಬೇತಿಯ ಮೊದಲ ತಂಡದಲ್ಲಿ ಮೊದಲನೆಯವಳು. ತಾರಸಿಯ ಬೀಗದ ಕೈ ಅವಳದು, ಹನ್ನೆರಡು ಗಂಟೆಯ ಪುಸ್ತಕ ಅವಳದು. ಡೆನ್ಮಾರ್ಕಿನಲ್ಲಿ ಆರು ತಿಂಗಳ ತರಬೇತಿಗೆ ಇರುವುದು ಒಂದೇ ಸೀಟು. ಅದಕ್ಕೂ ಅವಳದೇ ಹೆಸರು. ನಾಳೆ ತಂಡ ಒಪ್ಪಿ ಸಹಿ ಹಾಕುವುದಷ್ಟೇ ಬಾಕಿ.

"ಕಸಾ ಹೊಡೀಲಿಕ್ಕೆ ಬಂದೆ ಅಣ್ಣಾ. ನೋಡಿದ್ರ ಹಿಂಗ ಆಗ್ಯಾದ. ಅವ್ವನಾಣಿ, ನಾ ಮುಟ್ಟಿಲ್ರಿ."

"ನಂಗೊತ್ತು ಕಣಮ್ಮ. ಬೇರೆಯವರಿಗೆ ಗೊತ್ತಾಗ್ಬೇಕಲ್ಲ?"

ಬೇರೆಯವರು ಒಂಬತ್ತಕ್ಕೆ ಬಂದರು. ಯೋಜನೆಯ ಮುಖ್ಯಸ್ಥರಾದ ಪ್ರೊಫೆಸರ್ ಪಂಚಾಕ್ಷರಿ ಏದುಸಿರು ಬಿಡುತ್ತ ಬಂದರು. ಹೆಸರಿನ ಅರ್ಥ ಐದೇ ಅಕ್ಷರ. ಬಾಯಿ ತೆರೆದರೆ ಐದು ಸಾವಿರ.

"ಒಂದೇ ಮಾತಲ್ಲಿ ಹೇಳ್ತೀನಿ. ದಿಸ್ ಈಸ್ ವೆರಿ ಸೀರಿಯಸ್. ಪೊಲೀಸಿಗೆ ಹೇಳ್ತೀನಿ, ಈ ತಾರಸಿ ಒಪ್ಪಂದಾನೇ ರದ್ದು ಮಾಡ್ತೀನಿ! ಕೀ ಯಾರ ಹತ್ರ ಇತ್ತು? ಮಹಾದೇವಿ ಹತ್ರ. ಬಕೆಟ್ ಯಾರದ್ದು? ಮಹಾದೇವಿದು. ನೆಂಟ್ರು ಬರ್ತಾರೆ ಅಂತ ಕ್ಲೀನ್ ಮಾಡ್ಬಿಟ್ಟಿದಾಳೆ! ಎಷ್ಟು ಹೇಳಿದ್ರೂ ಈ ಜನಕ್ಕೆ—"

"ಯಾವ ಜನಕ್ಕೆ ಸಾರ್?"

ಹಿಂದಿನಿಂದ ಬಂದ ಪ್ರಶ್ನೆಗೆ ಪ್ರೊಫೆಸರರ ಐದು ಸಾವಿರ ಅಕ್ಷರಗಳೂ ಗಂಟಲಲ್ಲೇ ಉಳಿದವು. ಬಾಗಿಲಲ್ಲಿ ಶೋಭಾರಾಣಿ ಮೇಡಂ ನಿಂತಿದ್ದರು.

ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದಿ, ನಾಲ್ಕು ನಾಯಿಗಳಿಂದ ಕಚ್ಚಿಸಿಕೊಂಡು, ನಿವೃತ್ತರಾಗಿ ನಮ್ಮ ಯೋಜನೆಯ ಮೀಟರುಗಳ ಉಸ್ತುವಾರಿಗೆ ಬಂದವರು. ಬೆಂಗಳೂರಿನಲ್ಲಿ ಧೈರ್ಯಕ್ಕೂ ಮೀಟರ್ ಎನ್ನುತ್ತಾರೆ. ಮೇಡಂ ಹತ್ತಿರ ಎರಡೂ ಇತ್ತು. ನಾನು ಅವರ ಸಹಾಯಕ ದೀಪು, ಬಿ.ಎಸ್ಸಿ. ಸೌರವಿದ್ಯುತ್ ಯೋಜನೆಯಲ್ಲಿ ಹೆಸರಿಗೆ ತಕ್ಕ ಕೆಲಸ. ಬಿಡುವಿನಲ್ಲಿ ಎಲ್ಲರ ದನಿಯನ್ನೂ ಅನುಕರಿಸುವುದು ನನ್ನ ಚಟ. ಪಂಚಾಕ್ಷರಿಯವರ ದನಿಯಲ್ಲಿ ಒಮ್ಮೆ ಕ್ಯಾಂಟೀನಿಗೆ ಫೋನು ಮಾಡಿ ಎಂಟು ಮಸಾಲೆದೋಸೆ ತರಿಸಿಕೊಂಡಿದ್ದೇನೆ. ಅದು ಬೇರೆ ಕೇಸು.

"ಸಂಜೆಯೊಳಗೆ ಡೆನ್ಮಾರ್ಕಿಗೆ ಮೇಲ್ ಹೋಗ್ಬೇಕು," ಎಂದರು ಪ್ರೊಫೆಸರ್. "ಏನಾಯ್ತು ಅಂತ ಬರೀಬೇಕು. ಲಿಸ್ಟಿಂದ ಇವಳ ಹೆಸರು ತೆಗೀಬೇಕು. ಪುಸ್ತಕ ಕೊಡಮ್ಮ ಇಲ್ಲಿ."

ಮಹಾದೇವಿ ಪುಸ್ತಕವನ್ನು ಎದೆಗೆ ಅವುಚಿಕೊಂಡಳು.

"ಸಂಜೆ ಅಂದ್ರೆ ಇನ್ನೂ ಹೊತ್ತಿದೆ," ಎಂದರು ಮೇಡಂ. "ಮಧ್ಯಾಹ್ನ ಹನ್ನೆರಡಕ್ಕೆ ಇಲ್ಲೇ ಬನ್ನಿ ಸಾರ್. ಯಾರು ಅಂತ ಹೇಳ್ತೀನಿ. ಅಲ್ಲೀವರೆಗೆ ಪುಸ್ತಕ ಅವಳ ಹತ್ರಾನೇ ಇರ್ಲಿ."

ಹೇಳಿದ ರೀತಿ ಹೇಗಿತ್ತೆಂದರೆ, ಪ್ರೊಫೆಸರ್ ಒಂದೇ ಮಾತಿನಲ್ಲಿ "ಓಕೆ" ಎಂದು ಕೆಳಗಿಳಿದರು. ಚರಿತ್ರೆಯಲ್ಲೇ ಮೊದಲ ಸಲ.

ಮೇಡಂ ಮೊದಲು ಫಲಕಗಳ ಮುಂದೆ ಬಗ್ಗಿದರು. ಗಾಜಿನ ಮೇಲೆ ಬೆರಳೆಳೆದರು. ಕನ್ನಡಕ ಏರಿಸಿ ಅಂಚು ನೋಡಿದರು. ಓರೆಯಾಗಿ ನಿಂತು ಬಿಸಿಲಿಗೆ ನೋಡಿದರು. ಆಮೇಲೆ ಮೂಲೆಯ ಬಕೆಟ್ಟಿನ ಮೇಲಿದ್ದ ಬಟ್ಟೆ ಎತ್ತಿದರು. ಅದು ಹಪ್ಪಳದ ಹಾಗೆ ಸೆಟೆದಿತ್ತು.

"ಇದನ್ನ ಯಾವಾಗ ಒದ್ದೆ ಮಾಡಿದ್ದೆ ಮಹಾದೇವಿ?"

"ಭಾನುವಾರ್ರಿ. ನಡಿಯೋ ಜಾಗಾ ಒರಸೀನ್ರಿ. ಫಲಕ ಅಲ್ರಿ."

"ನಿನ್ನೆ ಮಧ್ಯಾಹ್ನ ಧೂಳಿತ್ತಾ?"

"ಇತ್ರಿ. ಹನ್ನೆರಡಕ್ಕ ಬರ್ದೀನಿ. ಸಂಜಿ ಬೀಗ ಹಾಕುವಾಗೂ ಇತ್ತು. ಮುಂಜಾನಿ ಬೀಗ ಹಾಕಿದ್ದು ಹಾಕಿದಂಗ ಇತ್ರಿ. ತಗದು ನೋಡಿದ್ರ..." ಅವಳು ಎದ್ದು ನಿಂತಳು. "ಮೇಡಂ, ಸೀಟು ಹೋದ್ರ ಹೋಗ್ಲಿ ಅಂತ ಅನ್ನಾಂಗಿಲ್ರಿ ನಾ. ಹೋಗಬಾರ್ದು. ನಾ ಮಾಡಿಲ್ಲ."

"ಹಾಗೇ ಹೇಳ್ಬೇಕು," ಎಂದರು ಮೇಡಂ. ಎದ್ದು ತಾರಸಿಯ ನಲ್ಲಿ ತಿರುಗಿಸಿದರು. ನೂಲಿನಷ್ಟು ನೀರು ಬಂತು. ಬೋರ್‌ವೆಲ್ಲಿನ ನೀರು. ನಲ್ಲಿಯ ಬಾಯಿಗೆ ಉಪ್ಪಿನ ಬಿಳಿ ಮೀಸೆ ಬೆಳೆದಿತ್ತು. ಪಕ್ಕದಲ್ಲಿದ್ದ ಸೋಪಿನ ಚೂರು ತಿಕ್ಕಿದರು. ನೊರೆ ಬರಲಿಲ್ಲ.

"ಈ ನೀರಿಗೆ ಸೋಪು ಕಂಡ್ರೆ ಆಗಲ್ಲ ಮೇಡಂ," ಎಂದೆ. "ನನ್ನ ಕೂದಲು ಕಂಡ್ರೂ ಅಷ್ಟೇ. ಮೂರು ವರ್ಷ ತಲೆ ತೊಳ್ದೆ, ಈಗ ತೊಳೆಯೋಕೆ ತಲೆ ಮಾತ್ರ ಉಳಿದಿದೆ."

ಮೇಡಂ ನಗಲಿಲ್ಲ. ಕೈಯನ್ನು ಬಿಸಿಲಿಗೆ ಹಿಡಿದು ಒಣಗುವುದನ್ನೇ ನೋಡುತ್ತಿದ್ದರು.

ಕೆಳಗಿಳಿದೆವು. ಎದುರಿನ ಬಸಕ್ಕನ ಚಹಾ ಗಾಡಿಗೆ ಮೇಡಂ ಒಬ್ಬರೇ ಹೋದರು. ನಾನು ವೆಂಕಟೇಶಪ್ಪನವರ ಬಿಳಿ ಕಾರಿಗೆ ಒರಗಿ ನಿಂತೆ. ಈ ಕಾರಿನ ಬಗ್ಗೆ ಹೇಳಲೇಬೇಕು. ವೆಂಕಟೇಶಪ್ಪನವರು ದಿನಾ ಬೆಳಿಗ್ಗೆ ಅದಕ್ಕೆ ದೇವರಿಗೆ ಅಭಿಷೇಕ ಮಾಡಿದ ಹಾಗೆ ನೀರೆರೆಯುತ್ತಾರೆ, ಮಂತ್ರ ಒಂದು ಇರುವುದಿಲ್ಲ. ಅವತ್ತು ಹಿಂದಿನ ಗಾಜಿನ ಮೇಲೆ ಒಳ್ಳೆ ಧೂಳು ಕೂತಿತ್ತು. ನನ್ನ ಬೆರಳು ಸುಮ್ಮನಿರಬೇಕಲ್ಲ? "ನನಗೂ ಸ್ನಾನ ಮಾಡಿಸಿ" ಎಂದು ದಪ್ಪಕ್ಷರದಲ್ಲಿ ಬರೆದೆ.

ಮೇಡಂ ಬಂದರು. ಬರಹ ನೋಡಿದರು. ಎರಡು ಸಲ ಓದಿದರು.

"ಅಕ್ಷರ ಚೆನ್ನಾಗಿದೆ," ಎಂದರು. "ಹರ್ಷವರ್ಧನ್‌ಗೆ ಬರೋಕೆ ಹೇಳು. ಬೆಳಿಗ್ಗೆ ಆರಕ್ಕೆ ಬಸಕ್ಕನ ಹತ್ರ ಸಕ್ಕರೆ ಇಲ್ಲದ ಚಹಾ ಕುಡಿದಿದಾನೆ. ಮನೆ ಊರಿನ ಆ ತುದಿ ಪೀಣ್ಯದಲ್ಲಿ. ಆರಕ್ಕೆ ಇಲ್ಲೇನು ಕೆಲಸ?"

ಹರ್ಷವರ್ಧನ್ ನಮ್ಮ ಸಂಶೋಧನಾ ವಿದ್ಯಾರ್ಥಿ. ಲೇಪ ಕಂಡುಹಿಡಿದವನು ಅವನೇ. ಅವನಿಗೂ ನಿದ್ದೆ ಕೆಟ್ಟಿದ್ದು ನನಗೆ ಗೊತ್ತಿತ್ತು. ಹೋದ ತಿಂಗಳು ಡೆನ್ಮಾರ್ಕಿನಿಂದ ಒಂದು ಪ್ರಶ್ನೆ ಬಂದಿತ್ತು: ಲೇಪವಿಲ್ಲದ ಸಾಲು ಕಡಿಮೆ ವಿದ್ಯುತ್ ಕೊಡುತ್ತಿರುವುದು ಧೂಳಿನಿಂದಲೋ, ಆ ಫಲಕಗಳೇ ಬಿಸಿಲಿಗೆ ಸೊರಗಿವೆಯೋ? ಸೊರಗಿದ್ದರೆ ಲೇಪದ ಪವಾಡವೆಲ್ಲ ಸುಳ್ಳು. ಉತ್ತರ ನಮ್ಮಲ್ಲಿರಲಿಲ್ಲ.

ಅರ್ಧ ಗಂಟೆಯಲ್ಲಿ ಅವನು ಮೆಟ್ಟಿಲ ಮೇಲೆ ನಮ್ಮೆದುರು ನಿಂತಿದ್ದ. ಜೊತೆಗೆ ಕರೀನ್ ಬಂದಿದ್ದರು. ಡೆನ್ಮಾರ್ಕಿನ ವಿಜ್ಞಾನಿ, ಎಂಟು ತಿಂಗಳಿಂದ ನಮ್ಮ ಕಾಲೇಜಿನಲ್ಲಿದ್ದಾರೆ. ಪಠ್ಯಪುಸ್ತಕದಿಂದ ಕನ್ನಡ ಕಲಿತವರು.

"ಮಾನ್ಯರೇ, ಈ ಸಂಗತಿ ಅತ್ಯಂತ ವಿಷಾದಕರವಾಗಿದೆ," ಎಂದರು ಕರೀನ್.

"ಗುರು, ನಂದೇನೂ ಇಲ್ಲ ಇದ್ರಲ್ಲಿ," ಎಂದ ಹರ್ಷ ನನಗೆ.

"ನನ್ನ ನೋಡಿ ಹೇಳಪ್ಪ," ಎಂದರು ಮೇಡಂ. "ಬೆಳಿಗ್ಗೆ ಎಷ್ಟೊತ್ತಿಗೆ ಬಂದೆ?"

"...ಐದೂ ಮುಕ್ಕಾಲು."

"ಯಾಕೆ?"

"ನಾಳೆ ಭಾಷಣಕ್ಕೆ ಫೋಟೋ ಬೇಕಿತ್ತು ಮೇಡಂ. ಸೂರ್ಯ ಹುಟ್ಟೋವಾಗ ಓರೆ ಬೆಳಕಲ್ಲಿ ಧೂಳು ಸಕ್ಕತ್ತಾಗಿ ಕಾಣ್ಸುತ್ತೆ."

"ತೆಗೆದ್ಯಾ?"

"ಇಲ್ಲ. ತಾರಸಿ ಬಾಗಿಲು ಒಳಗಿಂದ ಚಿಲಕ ಹಾಕಿತ್ತು. ಒಳಗೆ ನೀರಿನ ಸದ್ದು. ಮಹಾದೇವಿ ನೆಲ ತೊಳೀತಿರ್ಬೇಕು ಅಂದ್ಕೊಂಡು ವಾಪಸ್ ಹೋದೆ."

"ಎಂಥಾ ಸದ್ದು? ಮಗ್ಗಿಂದ ಚೆಲ್ಲಿದ ಹಾಗಾ?"

ಅವನು ಯೋಚಿಸಿದ. "ಅಲ್ಲ. ಬಿಡದೆ, ಒಂದೇ ಸಮ. ಜೋರಾಗಿ ಚಿಮ್ಮೋ ಹಾಗೆ."

"ಇದನ್ನ ಬೆಳಿಗ್ಗೇನೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನನ್ನ ಮೇಲೇ ಬರ್ತಿತ್ತು ಮೇಡಂ. ಲೇಪ ಕೆಲಸ ಮಾಡಲ್ಲ, ಅದಕ್ಕೇ ಇವ್ನೇ ತೊಳೆದು ಪರೀಕ್ಷೆ ಕೆಡಿಸಿದಾನೆ ಅನ್ನೋರು."

ನಿಜಕ್ಕೂ ನಾನು ಹಾಗೇ ಅಂದುಕೊಳ್ಳುತ್ತಿದ್ದೆ. ಹರ್ಷ ಹೋದಮೇಲೆ ಮೇಡಂ ಕಿವಿಯಲ್ಲಿ ಹೇಳಿದೆ: "ಇವ್ನೇ. ಲ್ಯಾಬಿಂದ ಶುದ್ಧ ನೀರು ತಂದು ತೊಳೆದಿದಾನೆ."

"ಲ್ಯಾಬಿನ ನೀರು ಎಷ್ಟು ಲೀಟರಿನ ಕ್ಯಾನಲ್ಲಿ ಬರುತ್ತೆ?"

"ಐದು."

"ಐದು ತಿಂಗಳ ಧೂಳು ಇಳೀಬೇಕಾದ್ರೆ ಮುನ್ನೂರು ಲೀಟರಾದ್ರೂ ಬೇಕು. ಅರವತ್ತು ಕ್ಯಾನು ಹೊತ್ಕೊಂಡು ಮೂರು ಮಹಡಿ ಹತ್ತಿದ್ರೆ ಇಪ್ಪತ್ತು ಬಾಡಿಗೆ ಮನೆಯವರಲ್ಲಿ ಒಬ್ಬರೂ ನೋಡಲ್ವೇನೋ? ನಡಿ, ಯಜಮಾನರ ಮನೆಗೆ."

ವೆಂಕಟೇಶಪ್ಪನವರ ಮನೆ ಎರಡನೇ ಮಹಡಿಯಲ್ಲಿ, ತಾರಸಿಯ ಕೆಳಗೇ. ಇದೇ ಊರಿನ ಹಳೆಯ ರೈತ ಕುಟುಂಬ. ಒಂದು ಕಾಲಕ್ಕೆ ಇದೇ ಜಾಗದಲ್ಲಿ ರಾಗಿ ಬೆಳೆದವರು, ಈಗ ಬಾಡಿಗೆ ಬೆಳೆಯುತ್ತಾರೆ. ತಾರಸಿಯನ್ನು ನಮ್ಮ ಯೋಜನೆಗೆ ಕೊಟ್ಟಿದ್ದಾರೆ. ಮೊಬೈಲ್ ಟವರಿನವರು ಹೆಚ್ಚು ಕೊಡುತ್ತೇವೆಂದು ಬಂದು ಹೋದದ್ದು ಇಡೀ ಬೀದಿಗೆ ಗೊತ್ತು. ನನ್ನ ಎರಡನೇ ಅನುಮಾನ ಸಿದ್ಧವಾಗಿತ್ತು.

ಒಳಗೆ ಕೊಬ್ಬರಿ, ಬೆಲ್ಲದ ವಾಸನೆ. ಅವರ ಹೆಂಡತಿ ವಸಂತಮ್ಮ ಒಬ್ಬಟ್ಟಿಗೆ ಹೂರಣ ರುಬ್ಬಿದ್ದರು. ಬಾಗಿಲಿಗೆ ಹೊಸ ತೋರಣ. ಗೋಡೆಯ ಮೊಳೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಜರಿ ಪಂಚೆ ನೇತಾಡುತ್ತಿದ್ದವು.

"ಬನ್ನಿ ಬನ್ನಿ, ಮೀಟ್ರಮ್ಮಾರು!" ಎಂದರು ವೆಂಕಟೇಶಪ್ಪ. "ಏನಂತೆ ಮ್ಯಾಲೆ ಗಲಾಟೆ?"

"ಗೊತ್ತಿಲ್ವಾ ಯಜಮಾನ್ರೆ?"

"ಬೀದಿಗೆಲ್ಲಾ ಕೇಳೋ ಅಂಗೆ ಪ್ರೊಫೆಸರ್ರು ಕೂಗಾಡ್ತಿದ್ರಲ್ಲ. ಪಾಪ, ಆ ಹುಡುಗಿ ಒಳ್ಳೇದು. ಆದ್ರೆ ಏನ್ ಮಾಡಾದು? ಕೀ ಅದ್ರ ಕೈಲೇ ಇರಾದು. ಪೈಪ್ ಇಡ್ದು ಚೆಲ್ಲಾಡ್ಬುಟ್ರೆ ಓಯ್ತಲ್ಲ ಐದು ತಿಂಗ್ಳ ಕೆಲ್ಸ!"

"ನಿಮ್ಮ ಹತ್ರ ತಾರಸಿ ಕೀ ಇಲ್ವಾ?"

"ಎಲ್ಡೂ ಕೊಟ್ಟುಬುಟ್ಟೆ ಕಣಮ್ಮ."

"ಬೆಳಿಗ್ಗೆ ಐದೂವರೇಲಿ ಎಲ್ಲಿದ್ರಿ?"

"ಇನ್ನೆಲ್ಲಿರ್ತೀನಿ? ಮಲಗಿದ್ದೆ!"

ವಸಂತಮ್ಮನ ಕೈಯಲ್ಲಿದ್ದ ಸೌಟು ಒಂದು ಕ್ಷಣ ನಿಂತಿತು. ಮತ್ತೆ ತಿರುಗಿತು.

"ಮೊಬೈಲ್ ಟವರಿನವರು ಬಂದಿದ್ರಂತೆ?" ನಾನು ಬಾಯಿ ಹಾಕಿದೆ.

"ಬಂದಿದ್ರು. ಬ್ಯಾಡ ಅಂದೆ. ಟವರ್ ನೋಡಾಕೆ ಪರದೇಶದಿಂದ ಯಾರಪ್ಪ ಬತ್ತಾರೆ?" ಅವರ ಮುಖ ಅರಳಿತು. "ಅದ್ಸರಿ, ಪೇಪರಿನೋರು ನಾಳೆ ಬತ್ತಾರೆ ತಾನೆ? ಫೋಟೋ ಇಡಿಯಾದು ಎಲ್ಡು ಸಾಲೂ ಸೇರ್ಸೀನಾ? ಹೂಡಿಯಿಂದ ನಮ್ ಭಾವಮೈದನೂ ಬತ್ತಾವ್ನೆ."

"ಅಮ್ಮಾ, ಕೈ ತೊಳ್ಕೊಳ್ಳಾ?" ಎಂದು ಮೇಡಂ ಇದ್ದಕ್ಕಿದ್ದಂತೆ ಎದ್ದರು.

"ಅಲ್ಲೇ ಐತೆ ನೋಡಮ್ಮ. ಇವತ್ಯಾಕೋ ನೀರು ಸಣ್ಣಕ್ಕೆ ಬತ್ತಾ ಐತೆ."

ಮೇಡಂ ಸೋಪು ಹಚ್ಚಿದರು. ಮೊಣಕೈವರೆಗೆ ಬೆಳ್ಳಗೆ ನೊರೆ. ತೊಳೆದರು, ತೊಳೆದರು. ಎರಡು ನಿಮಿಷವಾದರೂ ಜಾರುವುದು ನಿಲ್ಲಲಿಲ್ಲ.

"ಅದು ಮೆತ್ತನೆ ನೀರು," ಎಂದರು ವಸಂತಮ್ಮ ಹೆಮ್ಮೆಯಿಂದ. "ಬೋರಿನ ನೀರಿನ ಉಪ್ಪು ತಗಿಯೋ ಮಿಷಿನ್ ಆಕ್ಸವ್ರೆ. ನಮ್ಮೊಬ್ರಿಗೇ. ಅದುಕ್ಕೊಂದು ಬ್ಯಾರೆ ಟ್ಯಾಂಕು. ಬಾಡಿಗೆ ಮನೆಗೆಲ್ಲ ಬೋರಿಂದೇ."

ಕಾಫಿ ಕುಡಿದು ಹೊರಬಂದಾಗ ಮೇಡಂ ಮುಖದಲ್ಲಿ ಮೀಟರ್ ಸರಿಯಾಗಿ ಓದಿದವರ ಸಮಾಧಾನ ಕಂಡಿತು.

"ದೀಪು, ಆವಾಗ ಯಜಮಾನರು ಹೇಳಿದ್ದನ್ನೆಲ್ಲ ಅವರ ದನಿಯಲ್ಲೇ ಒಪ್ಪಿಸು."

ಮೆಟ್ಟಿಲ ಮೇಲೆ ನಿಂತು, ಹೊಟ್ಟೆ ಮುಂದೆ ಚಾಚಿ, ಒಪ್ಪಿಸಿದೆ. ಏಳನೇ ವಾಕ್ಯಕ್ಕೆ ಮೇಡಂ ಬೆರಳೆತ್ತಿದರು.

"ಅಷ್ಟು ಸಾಕು. ಹನ್ನೆರಡಕ್ಕೆ ಇನ್ನೊಂದು ಸಲ ಹೇಳೋಕೆ ಗಂಟಲು ಉಳಿಸ್ಕೋ."

ಹನ್ನೆರಡಕ್ಕೆ ಐದು ನಿಮಿಷ. ನೆತ್ತಿಯ ಮೇಲೆ ಏಪ್ರಿಲ್ ಸೂರ್ಯ. ತಾರಸಿಯ ಮೇಲೆ ಎಲ್ಲರೂ ಸೇರಿದ್ದೆವು. ಪಂಚಾಕ್ಷರಿಯವರ ಕೈಯಲ್ಲಿ ಡೆನ್ಮಾರ್ಕಿಗೆ ಕಳಿಸುವ ಪತ್ರದ ಪ್ರತಿ. ಕರೀನ್ ತಲೆಗೆ ಟವೆಲು. ಹರ್ಷ ಉಗುರು ಕಚ್ಚುತ್ತಿದ್ದ. ವೆಂಕಟೇಶಪ್ಪನವರು ಕೈಕಟ್ಟಿ ನಿಂತಿದ್ದರು. ಮಹಾದೇವಿ ಪುಸ್ತಕ ಬಿಟ್ಟಿರಲಿಲ್ಲ.

"ಎಲ್ಲರೂ ಯಾರು ತೊಳೆದ್ರು ಅಂತ ಕೇಳಿದ್ರಿ," ಎಂದು ಮೇಡಂ ಶುರುಮಾಡಿದರು. "ಯಾವ ನೀರಲ್ಲಿ ತೊಳೆದ್ರು ಅಂತ ಒಬ್ಬರೂ ಕೇಳ್ಲಿಲ್ಲ. ಸಾರ್, ನಿಮ್ಮ ಮನೆ ಬಾತ್‌ರೂಮ್ ಕನ್ನಡಿ ಮೇಲೆ ನೀರು ಬಿದ್ದು ಒಣಗಿದ್ರೆ ಏನಾಗುತ್ತೆ?"

"ಬಿಳೀ ಕಲೆ. ಉಜ್ಜಿದ್ರೂ ಹೋಗಲ್ಲ. ನಮ್ಮ ಮನೆಯವರು ದಿನಾ—"

"ಒಂದೇ ಮಾತು ಸಾಕು ಸಾರ್. ಬೋರ್‌ವೆಲ್ ನೀರು. ಈ ತಾರಸಿ ನಲ್ಲೀಲೂ ಅದೇ, ಮಹಾದೇವಿ ಕೋಣೇಲೂ ಅದೇ. ಆ ನೀರಲ್ಲಿ ತೊಳೆದಿದ್ರೆ ಈ ಗಾಜಿನ ಮೇಲೆಲ್ಲ ಭೂಪಟ ಬರೆದಿರ್ಬೇಕಿತ್ತು. ನೋಡಿ, ಒಂದಾದ್ರೂ ಕಲೆ ಇದೆಯಾ?"

ಎಲ್ಲರೂ ಬಗ್ಗಿದರು. ಇರಲಿಲ್ಲ.

"ಇದು ಮೆತ್ತನೆ ನೀರು. ಲ್ಯಾಬಿಂದ ಇಷ್ಟು ಹೊತ್ತು ತರೋಕೆ ಆಗಲ್ಲ. ಈ ಕಟ್ಟಡದಲ್ಲಿ ಮೆತ್ತನೆ ನೀರು ಬರೋದು ಒಂದೇ ಮನೆಗೆ. ಅದೂ ಇವತ್ತು ಸಣ್ಣಗೆ ಬರ್ತಿದೆ. ಯಾಕೆ? ಟ್ಯಾಂಕು ಬೆಳಗಾಗೋದ್ರಲ್ಲೇ ಖಾಲಿಯಾಗಿದೆ."

ವೆಂಕಟೇಶಪ್ಪನವರು ಕೈ ಬಿಚ್ಚಿದರು. "ಅಲ್ಲಾ ಕಣಮ್ಮ, ನೀರು ಅಂದಮ್ಯಾಲೆ ಖಾಲಿ ಆಗಾಕಿಲ್ವಾ? ದಿನಾ ಕಾರು ತೊಳಿತೀನಿ ನಾನು!"

"ಇವತ್ತೂ ತೊಳೆದ್ರಾ?"

"ಔ... ಔದು!"

"ದೀಪು, ಕಾರಿನ ಹಿಂದಿನ ಗಾಜಿನ ಮೇಲೆ ಏನು ಬರೆದಿದೀಯ?"

ವೆಂಕಟೇಶಪ್ಪನವರ ಕಡೆ ನೋಡದೆ ಹೇಳಿದೆ. "ನನಗೂ... ಸ್ನಾನ ಮಾಡಿಸಿ."

"ಬೆರಳಲ್ಲಿ ಬರೆಯೋಷ್ಟು ಧೂಳು! ವರ್ಷವಿಡೀ ತಪ್ಪದ ಕಾರಿನ ಸ್ನಾನ ಇವತ್ತೇ ತಪ್ಪಿದೆ. ಕಾರಿನ ಪಾಲಿನ ನೀರು ಇಲ್ಲಿಗೆ ಬಂದಿದೆ. ಇನ್ನು ಪೈಪು. ಹರ್ಷ ಬೆಳಿಗ್ಗೆ ಐದೂ ಮುಕ್ಕಾಲಿಗೆ ಬಾಗಿಲಾಚೆ ಕೇಳಿದ್ದು ಪೈಪಿನ ಸದ್ದು. ಅವನು ಹೇಳಿದ್ದು ನಮಗೆ ಮಾತ್ರ. ಈ ತಾರಸೀಲಿ ಪೈಪಿಲ್ಲ, ಬಕೆಟ್ ಇದೆ. ಪ್ರೊಫೆಸರ್ ಕೂಗಿದ್ದೂ ಬಕೆಟ್ ಅಂತಲೇ. ದೀಪು, ಯಜಮಾನರು ಏನಂದ್ರು?"

ಹೊಟ್ಟೆ ಚಾಚಿದೆ. "ಪೈಪ್ ಇಡ್ದು ಚೆಲ್ಲಾಡ್ಬುಟ್ರೆ ಓಯ್ತಲ್ಲ ಐದು ತಿಂಗ್ಳ ಕೆಲ್ಸ!"

ಮೆಟ್ಟಿಲ ಬಳಿ ನಿಂತಿದ್ದ ವಸಂತಮ್ಮ ಬೆಚ್ಚಿ ಗಂಡನ ಬಾಯಿ ನೋಡಿದರು. ಅದು ಮುಚ್ಚಿತ್ತು.

"ಪೈಪಿನ ವಿಷ್ಯ ನಿಮಗೆ ಯಾರು ಹೇಳಿದ್ರು, ವೆಂಕಟೇಶಪ್ಪನವರೇ? ಯಾರೂ ಹೇಳಿಲ್ಲ. ಹಿಡಿದವರು ನೀವೇ. ಬೀಗ ಒಡೆದಿಲ್ಲ, ಅಂದ್ರೆ ಮೂರನೇ ಕೀ ಇಟ್ಕೊಂಡವರೂ ನೀವೇ."

ವಸಂತಮ್ಮ ಮುಂದೆ ಬಂದರು. "ಏಳ್ಬುಡಿ ಅಂತ ಬೆಳಿಗ್ಗೆಯಿಂದ ಬಡ್ಕೊತಾ ಇವ್ನಿ ನಾನು. ಆ ಮಗು ಅಳ್ತಾ ಕುಂತದೆ."

ವೆಂಕಟೇಶಪ್ಪನವರು ಮೀಸೆ ಸವರಿದರು. ಮೀಸೆಯೂ ಇಳಿಬಿದ್ದಿತ್ತು.

"ಔದು. ನಾನೇ. ಪರದೇಶದ ನೆಂಟ್ರು ಬತ್ತಾರೆ, ಪೇಪರ್‌ನಲ್ಲಿ ಫೋಟೋ ಬತ್ತದೆ ಅಂದ್ರೆ ಒಸ್ಲು ತೊಳೀದಂಗೆ ಇರಾಕಾಯ್ತದಾ? ಮೊನ್ನೆ ಹೂಡಿ ಭಾವಮೈದ ಬಂದು, ಏನ್ ಭಾವ, ನಿನ್ ಮಾಳಿಗೆ ಅರ್ಧ ಕೊಳೆ ಇಡ್ದೈತೆ ಅಂದ. ಮನ್ಸು ತಡೀಲಿಲ್ಲ."

"ತೊಳೀಬಾರದು ಅಂತ ನಿಮಗೆ ಗೊತ್ತಿತ್ತಲ್ಲ!" ಪಂಚಾಕ್ಷರಿ ಕಿರುಚಿದರು.

"ಗೊತ್ತಿತ್ತು ಸ್ವಾಮಿ. ಧೂಳು ಬೇಕು ನಿಮ್ಗೆ, ಅಷ್ಟೇ ಅಲ್ವುರಾ? ವೈಟ್‌ಫೀಲ್ಡಲ್ಲಿ ಧೂಳಿಗೇನು ಬರವಾ? ಫೋಟೋ ಆಗ್ಲಿ, ಎಂಟು ದಿನ ಬುಟ್ರೆ ಮತ್ತೆ ಕೂತ್ಕತದೆ ಅಂದ್ಕಂಡೆ! ನೀವು ಪೊಲೀಸು, ಒಪ್ಪಂದ ರದ್ದು ಅಂತ ಕೂಗಾಡಿದ್ ಮ್ಯಾಲೆ ಬಾಯಿ ಬರ್ಲಿಲ್ಲ."

"ಬಾಯಿ ಬಂತಲ್ಲ," ಎಂದರು ಮೇಡಂ. ದನಿ ಏರಿಸಲಿಲ್ಲ. "ಕೀ ಆ ಹುಡುಗಿ ಕೈಲೇ ಇರೋದು ಅಂತ ಹೇಳೋಕೆ ಬಂತು. ತೊಳೆದದ್ದು ನಿಮ್ಮ ತಿಳಿಗೇಡಿತನ, ಕ್ಷಮಿಸಬಹುದು. ಆ ಮಾತು ತಿಳಿದೇ ಆಡಿದ್ದು."

ವೆಂಕಟೇಶಪ್ಪನವರು ತಲೆ ತಗ್ಗಿಸಿದರು.

"ಸರಿ," ಎಂದರು ಪ್ರೊಫೆಸರ್, ಕುಸಿದ ದನಿಯಲ್ಲಿ. "ಮಹಾದೇವಿ ತಪ್ಪಿಲ್ಲ. ಆದ್ರೆ ಪರೀಕ್ಷೆ ಹಾಳಾಯ್ತಲ್ಲ? ನಾಳೆ ತೋರಿಸೋಕೆ ಏನಿದೆ? ಯೋಜನೇನೇ ನಿಂತ್ರೆ ಸೀಟೆಲ್ಲಿ?"

ಮಹಾದೇವಿ ಮೇಡಂ ಮುಖ ನೋಡಿದಳು. ಮೇಡಂ ಗಡಿಯಾರ ನೋಡಿದರು.

"ಹನ್ನೆರಡಾಯ್ತು. ನಿನ್ನ ಕೆಲಸ ಮಾಡಮ್ಮ."

ಅವಳು ಮೀಟರಿನ ಪೆಟ್ಟಿಗೆ ತೆರೆದಳು. ಓದಿದಳು. ಬರೆದಳು. ಹಿಂದಿನ ಸಾಲು ನೋಡಿದಳು. ಮತ್ತೆ ಮೀಟರ್ ನೋಡಿದಳು. ಅವಳ ಹುಬ್ಬು ಮೇಲೇರಿತು.

"ಜೋರಾಗಿ ಓದು."

"ನಿನ್ನಿ, ಲೇಪದ ಸಾಲು ನಾಕ್ ಸಾವಿರದ ನೂರು ವ್ಯಾಟ್. ಧೂಳಿನ ಸಾಲು ಮೂರು ಸಾವಿರದ ಮುನ್ನೂರು." ಮುಂದಿನ ಸಾಲಿಗೆ ಬೆರಳಿಟ್ಟಳು. "ಇವತ್ತ, ಲೇಪದ ಸಾಲು ನಾಕ್ ಸಾವಿರದ ತೊಂಬತ್ತು. ಧೂಳಿನ ಸಾಲು... ನಾಕ್ ಸಾವಿರದ ನೂರಾ ನಲವತ್ರಿ."

"ಅಂದ್ರೆ?"

ಹರ್ಷ ಬಾಯಿ ತೆರೆದ. ಮೇಡಂ ಕೈ ಅಡ್ಡ ಹಿಡಿದರು. ಉತ್ತರ ಅವಳೇ ಕೊಡಬೇಕಿತ್ತು.

"ಅಂದ್ರ..." ಮಹಾದೇವಿಯ ಬೆರಳು ಒಂದು ಅಂಕಿಯಿಂದ ಇನ್ನೊಂದಕ್ಕೆ ಹೋಯಿತು. "ಧೂಳ ತಗದ ಕೂಡ್ಲೆ ಎರಡೂ ಸಾಲು ಸಮ ಬಂದಾವ್ರಿ. ಫಲಕ ಸೊರಗಿಲ್ಲ. ನುಂಗಿದ್ದು ಧೂಳೇ! ನೀರ ಕಾಣದ ಲೇಪದ ಸಾಲು ತೊಳದ ಸಾಲಿನಷ್ಟೇ ಕೊಡ್ತದಂದ್ರ... ಲೇಪ ಖರೇನ ಕೆಲಸಾ ಮಾಡ್ತದ್ರಿ!"

ಡೆನ್ಮಾರ್ಕಿನ ಪ್ರಶ್ನೆಗೆ ಉತ್ತರ ಅದು. ಮೇ ತಿಂಗಳಲ್ಲಿ, ಪರೀಕ್ಷೆಯ ಕೊನೆಯ ದಿನ ಮಾಡಬೇಕಿದ್ದ ಕೆಲಸವನ್ನು ವೆಂಕಟೇಶಪ್ಪನವರು ಭಾವಮೈದನ ಬಾಯಿಗೆ ಹೆದರಿ ಏಪ್ರಿಲಿನಲ್ಲೇ ಮುಗಿಸಿದ್ದರು. ಮೂವತ್ತೆಂಟು ದಿನ ಕಡಿಮೆಯಾಯಿತು, ನಿಜ. ಆದರೆ ನೂರ ನಲವತ್ತೆರಡು ದಿನ ಒಂದೂ ತಪ್ಪದೆ ಬರೆದ ಪುಸ್ತಕ ಕೈಯಲ್ಲಿತ್ತು.

"ಸಕ್ಕತ್ ಮಗಾ!" ಎಂದು ಕರೀನ್ ಪ್ರೊಫೆಸರ್ ಪಂಚಾಕ್ಷರಿಯವರ ಬೆನ್ನಿಗೆ ಗುದ್ದಿದರು. ಈ ಪದ ಪಠ್ಯಪುಸ್ತಕದಲ್ಲಿಲ್ಲ. ಕಲಿಸಿದವರು ಯಾರೆಂದು ಪ್ರೊಫೆಸರ್ ನನ್ನತ್ತ ನೋಡಿದರು. ನಾನು ಆಕಾಶ ನೋಡಿದೆ. ಕರೀನ್ ಮತ್ತೆ ಪುಸ್ತಕದ ಕನ್ನಡಕ್ಕೆ ಮರಳಿದರು: "ನಾಳೆ ತಂಡದ ಮುಂದೆ ಈ ಅಂಕಿಗಳನ್ನು ಮಹಾದೇವಿಯವರೇ ಮಂಡಿಸತಕ್ಕದ್ದು."

ಪ್ರೊಫೆಸರ್ ಕೈಯಲ್ಲಿದ್ದ ಪತ್ರವನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡರು. ಮಹಾದೇವಿಯ ಮುಂದೆ ನಿಂತು ಏನೋ ಹೇಳಲು ಹೊರಟರು. "ಸಾರಿ ಕಣಮ್ಮ" ಎಂದು ಎರಡೇ ಪದದಲ್ಲಿ ಮುಗಿಸಿದರು.

ಸೋಲಾರ್ ಎಂದರೆ ಸೋಲದವರು ಎಂದು ನಾನು ಸುಮ್ಮನೆ ಹೇಳುತ್ತಿದ್ದೆ. ಇನ್ನು ಮುಂದೆ ಗಂಭೀರವಾಗಿ ಹೇಳುತ್ತೇನೆ.

ವೆಂಕಟೇಶಪ್ಪನವರು ಮೆಲ್ಲನೆ ಮಹಾದೇವಿಯ ಬಳಿ ಬಂದರು. "ತಪ್ಪಾಯ್ತು ಕಣವ್ವ. ನಿನ್ ಎಸ್ರು ಎತ್ತಬಾರ್ದಿತ್ತು ನಾನು. ನಾಳೆ ಊಟಕ್ಕೆ ಬಾ. ಒಬ್ಬಟ್ಟು ಐತೆ."

ಮಹಾದೇವಿ ಕಣ್ಣೊರೆಸಿಕೊಂಡಳು. ಪುಸ್ತಕ ತೆರೆದು, ಆ ದಿನದ ಸಾಲಿನ ಕೊನೆಗೆ ಷರಾ ಬರೆಯುವ ಜಾಗದಲ್ಲಿ ಗುಂಡಗೆ ಬರೆದಳು. ನಾನು ಹೆಗಲ ಮೇಲಿಂದ ಬಗ್ಗಿ ಓದಿದೆ.

ಧೂಳಿನ ಸಾಲು ತೊಳೆದವರು: ವೆಂಕಟೇಶಪ್ಪ. ಸಮಯ: ಬೆಳಿಗ್ಗೆ ಐದೂ ಮುಕ್ಕಾಲು. ನೀರು: ಮೆತ್ತನೆಯದು. ಅನುಮತಿ: ಇಲ್ಲ.

ಪುಸ್ತಕ ತಿರುಗಿಸಿ ಅವರ ಮುಂದೆ ಹಿಡಿದಳು. ಪೆನ್ನೂ ಕೊಟ್ಟಳು.

"ಒಬ್ಬಟ್ಟಿಗೆ ಬರ್ತೀನ್ರಿ ಯಜಮಾನ್ರ. ಮೊದಲ ಇಲ್ಲಿ ಸಹಿ ಮಾಡ್ರಿ. ಆಮ್ಯಾಲೆ ಆ ಮೂರನೇ ಕೀಲಿಕೈ ಕೊಡ್ರಿ."